ಮೌಸ್ ನಿಮ್ಮ ಕೈಯಲ್ಲೇ ಇರಲಿ: ನಮ್ಮ ಕಂಪ್ಯೂಟರ್ ಕ್ಲಬ್‌ನಲ್ಲಿ ಈ ತಿಂಗಳು

ಎಲ್ಲರಿಗೂ ನಮಸ್ಕಾರ. ಮೊದಲು ಈ ವಿಡಿಯೋದಲ್ಲಿ ಕಾಣುವ ಎರಡು ಕೈಗಳನ್ನು ನೋಡಿ. ಲ್ಯಾಪ್‌ಟಾಪ್ ತಳದ ಸ್ಕ್ರೂ ಬಿಚ್ಚುತ್ತಿರುವ ಕೈಗಳು. ಸ್ವಲ್ಪ ನಡುಗುತ್ತಿವೆ, ಅಲ್ವಾ? ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದಾರೆ. ಅವರಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು. ಆದರೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಾರೆ. ಬೇಕಂತಲೇ ಹಾಗೆ ನಿಂತಿದ್ದಾರೆ.

ಇದು ನಮ್ಮ ಕಂಪ್ಯೂಟರ್ ಬಳಕೆದಾರರ ಕ್ಲಬ್. ತಿಂಗಳಿಗೆ ಒಂದು ಸಲ ಸೇರುತ್ತೇವೆ. ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಕೆಲಸದಿಂದ ನಿವೃತ್ತರಾದವರಿದ್ದಾರೆ, ಮೊನ್ನೆಯಷ್ಟೇ ಮೊದಲ ಕಂಪ್ಯೂಟರ್ ಕೊಂಡವರೂ ಇದ್ದಾರೆ. ಇಲ್ಲಿ ಕಟ್ಟುನಿಟ್ಟಿನ ನಿಯಮ ಅಂತ ಇರುವುದು ಒಂದೇ. ಮೌಸ್ ಆಗಲಿ, ಕೀಬೋರ್ಡ್ ಆಗಲಿ, ಸ್ಕ್ರೂಡ್ರೈವರ್ ಆಗಲಿ, ಯಾರ ಕಂಪ್ಯೂಟರೋ ಅವರ ಕೈಯಲ್ಲೇ ಇರಬೇಕು. ಸಹಾಯಕ್ಕೆ ನಿಂತವರು ಬಾಯಲ್ಲಿ ಹೇಳಬಹುದು, ಬೆರಳು ಮಾಡಿ ತೋರಿಸಬಹುದು. ಮುಟ್ಟುವ ಹಾಗಿಲ್ಲ.

ಮೊದಲು ಹೀಗಿರಲಿಲ್ಲ. ಗೊತ್ತಿರುವ ನಾಲ್ಕು ಜನ ಮೇಜಿನ ಆ ಕಡೆ ಕೂರುತ್ತಿದ್ದೆವು. ಉಳಿದವರು ಈ ಕಡೆ ಸಾಲಾಗಿ ನಿಲ್ಲುತ್ತಿದ್ದರು. ನಾವು ಟಕಟಕ ಅಂತ ಸರಿ ಮಾಡಿ ಕೊಡುತ್ತಿದ್ದೆವು. ಮುಂದಿನ ತಿಂಗಳು ಅದೇ ಜನ, ಅದೇ ತೊಂದರೆ. ಒಬ್ಬರು ಪ್ರಿಂಟರ್ ವಿಷಯಕ್ಕೆ ಮೂರು ತಿಂಗಳು ಬಂದರು. ಮೂರನೇ ಸಲ ಅವರೇ ಕೇಳಿದರು, "ನೀವು ಏನು ಒತ್ತಿದಿರಿ ಅಂತ ನಿಧಾನವಾಗಿ ತೋರಿಸ್ತೀರಾ?" ಆ ಮಾತು ನನಗೆ ತುಂಬಾ ನಾಟಿತು. ಅವತ್ತೇ ಮೇಜಿನ ಆ ಕಡೆ ಇದ್ದ ಕುರ್ಚಿಗಳನ್ನು ತೆಗೆದುಬಿಟ್ಟೆವು.

ಈಗ ಇವರನ್ನು ನೋಡಿ. ದೊಡ್ಡ ಡೆಸ್ಕ್‌ಟಾಪನ್ನು ಎತ್ತಿಕೊಂಡು ಬಂದಿದ್ದಾರೆ. ಯಾವ ವೆಬ್‌ಸೈಟ್ ತೆರೆದರೂ "ಈ ಸಂಪರ್ಕ ಸುರಕ್ಷಿತವಲ್ಲ" ಅನ್ನುವ ಎಚ್ಚರಿಕೆ. ವೈರಸ್ ಅಂತ ಹೆದರಿದ್ದರು. ಯಾರೋ ಹೊಸದು ತೊಗೊಳ್ಳಿ ಅಂತಲೂ ಹೇಳಿದ್ದರಂತೆ. ನಾವು ಮೊದಲು ಕೇಳಿದ್ದು ಒಂದೇ: ಸ್ಕ್ರೀನಿನ ಬಲಗಡೆ ಮೂಲೆಯಲ್ಲಿ ತಾರೀಖು ಎಷ್ಟಿದೆ? ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. 2012ರ ಜನವರಿ 1.

ವಿಷಯ ಏನಪ್ಪಾ ಅಂದರೆ, ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ನಡೆಯುತ್ತದೆ. ಕಂಪ್ಯೂಟರ್ ಇನ್ನೂ 2012ರಲ್ಲೇ ಇದ್ದೇನೆ ಅಂದುಕೊಂಡರೆ, ಇವತ್ತಿನ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಶುರುವೇ ಆಗಿಲ್ಲ. ಹಾಗಾಗಿ ಬ್ರೌಸರ್ ಬಾಗಿಲು ತೆಗೆಯುವುದಿಲ್ಲ.

ತಾರೀಖು ಯಾಕೆ ಹಿಂದೆ ಹೋಯಿತು? ಅದಕ್ಕೆ ಕಾರಣ ಈ ಸಣ್ಣ ಬಿಲ್ಲೆ. ಕ್ಯಾಮೆರಾ ಹತ್ತಿರ ತರುತ್ತೇನೆ ನೋಡಿ. ಇದರ ಮೇಲೆ ಸಿಆರ್ 2032 ಅಂತ ಬರೆದಿದೆ. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. 3 ವೋಲ್ಟಿನ ಸೆಲ್. ಮದರ್‌ಬೋರ್ಡಿನ ಗಡಿಯಾರದೊಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಹರಳು ಇರುತ್ತದೆ. ಕರೆಂಟ್ ತೆಗೆದಾಗ ಆ ಗಡಿಯಾರವನ್ನು ನಡೆಸುವುದು ಈ ಬಿಲ್ಲೆ. ಇದು ಸತ್ತರೆ ಪ್ಲಗ್ ತೆಗೆದ ಕೂಡಲೇ ಗಡಿಯಾರ ನಿಂತುಹೋಗುತ್ತದೆ, ಮತ್ತೆ ಆನ್ ಮಾಡಿದಾಗ ತಯಾರಕರು ಇಟ್ಟ ಹಳೆಯ ತಾರೀಖಿನಿಂದ ಶುರುವಾಗುತ್ತದೆ.

ಅವರೇ ಪ್ಲಗ್ ತೆಗೆದರು. ಪವರ್ ಬಟನ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿದರು. ಮೈಯಲ್ಲಿರುವ ಸ್ಥಿರವಿದ್ಯುತ್ ಇಳಿಯಲಿ ಅಂತ ಪೆಟ್ಟಿಗೆಯ ಲೋಹ ಮುಟ್ಟಿದರು. ಉಗುರಿನಿಂದ ಆ ಸಣ್ಣ ಕೊಕ್ಕೆಯನ್ನು ಸರಿಸಿದಾಗ ಬಿಲ್ಲೆ ಟಪ್ ಅಂತ ಮೇಲೆದ್ದಿತು. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿ, ತಾರೀಖು ಸರಿ ಮಾಡಿದರು. ಆಮೇಲೆ ಪೇಜ್ ತೆರೆದುಕೊಂಡಿತು. ಅವರು ಹಳೆಯ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತಲೇ ಇದ್ದರು. ನಾನು ಕ್ಯಾಮೆರಾ ಆಫ್ ಮಾಡಲಿಲ್ಲ. (ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ. ಈ ಸೆಲ್ ನುಂಗಿದರೆ ಒಳಗೆ ಸುಟ್ಟು ಜೀವಕ್ಕೇ ಅಪಾಯ. ಹಳೆಯ ಸೆಲ್ ಕೂಡ ಮಕ್ಕಳ ಕೈಗೆ ಸಿಗಬಾರದು.)

ಇನ್ನು ಈ ಉದ್ದನೆ ಮೇಜು. ಈ ತಿಂಗಳು ಜಾಸ್ತಿ ಜನ ಸೇರಿದ್ದು ಇಲ್ಲೇ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಪೀಳಿಗೆಯ ಪ್ರೊಸೆಸರ್‌ನಿಂದ ಈಚೆಗಿನದನ್ನು ಕೇಳುತ್ತದೆ. ಕೀಬೋರ್ಡ್ ಸರಿಯಿದೆ, ಸ್ಕ್ರೀನ್ ಸರಿಯಿದೆ, ಕೆಲಸ ಚೆನ್ನಾಗೇ ಮಾಡುತ್ತಿದೆ. ಆದರೂ ವಿಂಡೋಸ್ 11 ಆ ಲ್ಯಾಪ್‌ಟಾಪನ್ನು ಒಪ್ಪುವುದಿಲ್ಲ. ಇಂಥ ಯಂತ್ರಗಳನ್ನು ಕಸಕ್ಕೆ ಹಾಕುವುದು ನನಗೆ ಸಂಕಟದ ವಿಷಯ.

ಅದಕ್ಕೇ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಪ್ರಯತ್ನಿಸಿದೆವು. ಇದರಲ್ಲಿ ನನಗೆ ಇಷ್ಟವಾಗುವುದು ಲೈವ್ ಅನ್ನುವ ಸೌಲಭ್ಯ. ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ. ಇನ್‌ಸ್ಟಾಲ್ ಒತ್ತುವವರೆಗೂ ನಿಮ್ಮ ಡಿಸ್ಕಿನಲ್ಲಿರುವುದು ಇದ್ದ ಹಾಗೇ ಇರುತ್ತದೆ. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ, ಪ್ರಿಂಟರ್ ಎಲ್ಲ ನೋಡಿಕೊಂಡು ಆಮೇಲೆ ತೀರ್ಮಾನ ಮಾಡಬಹುದು.

ಪೆನ್‌ಡ್ರೈವಿಗೆ ಹಾಕುವ ಮುಂಚೆ ಒಂದು ಕೆಲಸ ಇತ್ತು. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲ್, ಅಂದರೆ ಇಡೀ ಮಿಂಟ್ ಇರುವ ಒಂದೇ ಫೈಲ್, ಸರಿಯಾಗಿದೆಯಾ ಅಂತ ನೋಡಬೇಕು. ಅದಕ್ಕೆ ಎಸ್‌ಎಚ್‌ಎ-256 ಅನ್ನುವ ಲೆಕ್ಕ ಇದೆ. ಫೈಲ್ ಎಷ್ಟೇ ದೊಡ್ಡದಿರಲಿ, ಕೊನೆಗೆ 64 ಅಕ್ಷರ ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆಯಷ್ಟು ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಮಿಂಟ್‌ನವರ ಸೈಟಿನಲ್ಲಿ ಕೊಟ್ಟಿರುವ ಸಾಲಿನ ಜೊತೆ ಇದನ್ನು ಹೋಲಿಸಬೇಕು. ಮೊದಲ ಎಂಟು, ಕೊನೆಯ ಎಂಟು ನೋಡಿದರೆ ಸಾಕು ಅಂದೆ. ನಮ್ಮ ಕ್ಲಬ್ಬಿನ ಹತ್ತನೇ ಕ್ಲಾಸಿನ ಹುಡುಗ ಒಪ್ಪಲಿಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು ಅಂತ ಹಟ ಹಿಡಿದ. ಇಲ್ಲಿ ಕೇಳಿಸಿಕೊಳ್ಳಿ. "ಎ, ನಾಲ್ಕು, ಎಫ್, ಸೊನ್ನೆ..." 64 ಅಕ್ಷರವನ್ನೂ ಓದಿಸಿದ. ಅವನೇ ಸರಿ ಅಂತ ಈಗ ಅನ್ನಿಸುತ್ತದೆ.

ನಾಲ್ಕು ಲ್ಯಾಪ್‌ಟಾಪ್ ಇದ್ದವು. ಎರಡಕ್ಕೆ ಮಿಂಟ್ ಹಾಕಿದೆವು. ಹಾಕಿದೆವು ಅಂದರೆ, ಅವರವರೇ ಹಾಕಿಕೊಂಡರು. ಮೂರನೆಯದರಲ್ಲಿ ವೈಫೈ ಬರಲೇ ಇಲ್ಲ. ಅವರು ವಿಂಡೋಸ್ 10ಕ್ಕೆ 2026ರ ಅಕ್ಟೋಬರ್‌ವರೆಗಿನ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಹೆಸರು ಕೊಟ್ಟು, ಅಷ್ಟರೊಳಗೆ ಬೇರೆ ದಾರಿ ನೋಡುತ್ತೇನೆ ಅಂದರು. ನಾಲ್ಕನೆಯವರ ಲೆಕ್ಕಪತ್ರವೆಲ್ಲ ವಿಂಡೋಸಿನಲ್ಲಿ ಮಾತ್ರ ನಡೆಯುವ ಒಂದು ಸಾಫ್ಟ್‌ವೇರಿನಲ್ಲಿದೆ. ಅವರಿಗೆ ಮಿಂಟ್ ಬೇಡ ಅಂತ ನಾವೇ ಹೇಳಿದೆವು. ಲಿನಕ್ಸ್ ನನಗೆ ಪ್ರಾಣ. ಆದರೆ ಒಬ್ಬರ ದಿನದ ಕೆಲಸ ಕೆಡಿಸಿ ಅದನ್ನು ಹಾಕಿಸುವುದು ಸರಿಯಲ್ಲ.

ಇಲ್ಲೊಂದು ಹಳೆಯ ಕತೆ ಹೇಳಬೇಕು. ಬಳಸುವವರೇ ಸೇರಿ ಕಲಿಯುವುದು ಹೊಸದೇನಲ್ಲ. 1955ರಲ್ಲೇ ಐಬಿಎಂನ ದೊಡ್ಡ ಕಂಪ್ಯೂಟರ್ ಬಳಸುತ್ತಿದ್ದವರು ಸೇರಿ ಶೇರ್ ಅನ್ನುವ ಗುಂಪು ಕಟ್ಟಿದರು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕೊಡುವುದು, ಅಷ್ಟೇ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಆಗ ಎಲ್ಲರ ಬಾಯಲ್ಲಿದ್ದದ್ದು ಆಲ್ಟೇರ್ 8800 ಅನ್ನುವ ಕಿಟ್. ಅದನ್ನು ಕೊಂಡವರು ಕೈಯಾರೆ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು. ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಾವು ಮಾಡಿದ ಆಪಲ್ 1 ಬೋರ್ಡನ್ನು ತೋರಿಸಿದ್ದೂ ಆ ಕ್ಲಬ್ಬಿನಲ್ಲೇ. ಅದರ ನಕ್ಷೆಯ ಪ್ರತಿಗಳನ್ನೂ ಉಚಿತವಾಗಿ ಹಂಚಿದ್ದರು. ಗ್ಯಾರೇಜಿನಲ್ಲಿ ಮೂವತ್ತು ಜನ ಒಂದು ಬೋರ್ಡಿನ ಸುತ್ತ ತಲೆ ತಲೆ ತಾಗಿಸಿಕೊಂಡು ನಿಂತಿರುವುದನ್ನು ಕಲ್ಪಿಸಿಕೊಂಡರೆ ನನಗೆ ನಮ್ಮ ಮೇಜೇ ಕಾಣುತ್ತದೆ.

ಈಗ ಸ್ಕ್ರೀನ್ ಕಪ್ಪಾಗಿದೆ ನೋಡಿ. ವಿಡಿಯೋ ಕೆಟ್ಟಿಲ್ಲ, ಗಾಬರಿ ಆಗಬೇಡಿ. ಕ್ಲಬ್ಬಿನ ಅಷ್ಟೂ ಮಾನಿಟರ್‌ಗಳನ್ನು ಆಫ್ ಮಾಡಿದ್ದೇವೆ. ಈ ಒಂದು ಗಂಟೆ ನಡೆಸಿಕೊಟ್ಟವರು ನಮ್ಮ ಒಬ್ಬ ಸದಸ್ಯೆ. ಅವರಿಗೆ ಕಣ್ಣು ಕಾಣುವುದಿಲ್ಲ. ಅವರು ದಿನವೂ ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಅದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ಸಾಫ್ಟ್‌ವೇರ್ ಪೂರ್ತಿ ಉಚಿತ.

ನಮಗೆ ಕೊಟ್ಟ ಕೆಲಸ ಚಿಕ್ಕದು. ಒಂದು ವೆಬ್‌ಸೈಟ್ ತೆರೆದು ಫಾರ್ಮ್ ತುಂಬಿ ಕಳಿಸಬೇಕು. ಮೌಸ್ ಇಲ್ಲ. ಕಿವಿ ಮಾತ್ರ. ಇನ್ಸರ್ಟ್ ಜೊತೆ ಟಿ ಒತ್ತಿದರೆ ಎಲ್ಲಿದ್ದೇವೆ ಅಂತ ಹೇಳುತ್ತದೆ. ಎಚ್ ಒತ್ತಿದರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತದೆ. ಬಿ ಒತ್ತಿದರೆ ಬಟನ್‌ಗಳಿಗೆ. ಅಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಒಂದು ಸಲ ಒತ್ತಿದೆ, "ಬಟನ್" ಅಂದಿತು. ಮತ್ತೆ ಒತ್ತಿದೆ, "ಬಟನ್". ಇನ್ನೊಂದು, "ಬಟನ್". ಯಾವುದು ಕಳಿಸುವುದು, ಯಾವುದು ಅಳಿಸುವುದು? ಆ ಸೈಟ್ ಮಾಡಿದವರು ಚಂದದ ಚಿತ್ರ ಹಾಕಿದ್ದಾರೆ, ಹೆಸರು ಬರೆದಿಲ್ಲ. ಪಕ್ಕದಲ್ಲಿ ನಮ್ಮ ಆ ಸದಸ್ಯೆ ನಿಂತಿದ್ದರು, ಕೈ ಬೆನ್ನ ಹಿಂದೆ. "ನನಗೆ ಇದು ದಿನಾ ಆಗುತ್ತೆ," ಅಂತ ಮೆಲ್ಲಗೆ ಹೇಳಿದರು. ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತು.

ನಾನು ವರ್ಷಗಳಿಂದ ಫೋಟೋ ಹಾಕುತ್ತಾ ಬಂದಿದ್ದೇನೆ. ಸ್ಕ್ರೀನ್ ರೀಡರ್ ಓದಿ ಹೇಳುವಂಥ ಚಿತ್ರದ ವಿವರಣೆಯನ್ನು ಒಂದಕ್ಕೂ ಬರೆದಿರಲಿಲ್ಲ. ಆ ರಾತ್ರಿ ಕೂತು ಬರೆಯಲು ಶುರು ಮಾಡಿದೆ. ಇನ್ನೂ ಮುಗಿದಿಲ್ಲ.

ಬೇರೆ ಸುದ್ದಿಗಳನ್ನು ಬೇಗ ಹೇಳಿಬಿಡುತ್ತೇನೆ. ಬಿಡಿಭಾಗಗಳ ಕಪಾಟು ಕೊನೆಗೂ ಸಿದ್ಧವಾಗಿದೆ. ಮೆಮೊರಿಯ ಎರಡು ಪೀಳಿಗೆಗಳನ್ನು ಬೇರೆ ಬೇರೆ ಇಟ್ಟಿದ್ದೇವೆ: ಡಿಡಿಆರ್3 ರ‍್ಯಾಮ್ ಒಂದು ಡಬ್ಬಿ, ಡಿಡಿಆರ್4 ಇನ್ನೊಂದು. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ದಯವಿಟ್ಟು ಒತ್ತಿ ಕೂರಿಸಬೇಡಿ. ಹಳೆಯ ಹಾರ್ಡ್ ಡಿಸ್ಕ್ ಕೊಡುವವರು ಇಲ್ಲಿಗೆ ತಂದು ನಿಮ್ಮ ಕೈಯಾರೆ ಪೂರ್ತಿ ಅಳಿಸಿ ಕೊಡಿ. ಸುಮ್ನೆ ಡಿಲೀಟ್ ಮಾಡಿದರೆ ಸಾಲದು, ಫೈಲ್ ಅಲ್ಲೇ ಉಳಿದಿರುತ್ತದೆ. ಆರಂಭಿಕರ ತರಗತಿ ಇನ್ನು ಮುಂದೆ ಸಭೆಗೆ ಒಂದು ಗಂಟೆ ಮುಂಚೆ. ಬಿಲ್ಲೆ ಬದಲಿಸಿದರಲ್ಲ, ಆ ಹಿರಿಯರು ಅಲ್ಲಿ ಸಹಾಯಕ್ಕೆ ನಿಲ್ಲುತ್ತೇನೆ ಅಂತ ಹೆಸರು ಬರೆಸಿದ್ದಾರೆ.

ಬ್ಯಾಕಪ್ ವಿಷಯ ಮಾತ್ರ ಬೇಗ ಮುಗಿಸಲಾರೆ. ಎರಡು ವರ್ಷದ ಹಿಂದೆ ನನ್ನ ಹಾರ್ಡ್ ಡಿಸ್ಕ್ ಟಿಕ್, ಟಿಕ್ ಅಂತ ಸದ್ದು ಮಾಡಲು ಶುರು ಮಾಡಿತು. ಹತ್ತಾರು ಸಲ ಆಫ್ ಮಾಡಿ ಆನ್ ಮಾಡಿದೆ. ಆ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಸಲ ತಿರುಗುತ್ತಿರುತ್ತವೆ. ಓದುವ ಮುಳ್ಳು ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಗಾಯ ದೊಡ್ಡದಾಗಬಹುದು. ಅಪ್ಪನ ಧ್ವನಿ ಇದ್ದ ರೆಕಾರ್ಡಿಂಗ್‌ಗಳು ಅದರಲ್ಲಿದ್ದವು. ಮತ್ತೆ ಸಿಗಲಿಲ್ಲ. ಅಂಥ ಸದ್ದು ಕೇಳಿದರೆ ತಕ್ಷಣ ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ. ಹಾಗೇ ತೆಗೆದುಕೊಂಡು ಬನ್ನಿ.

ಅದಕ್ಕೇ ಕ್ಲಬ್ಬಿನಲ್ಲಿ 3-2-1 ಪಾಲಿಸುತ್ತೇವೆ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ. ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಅಂತಾರೆ. ಕಳೆದ ಸಲ ಅವತ್ತು ನಾವು ಹೊಸ ಬ್ಯಾಕಪ್ ತೊಗೊಳ್ಳಲಿಲ್ಲ. ಇರುವ ಬ್ಯಾಕಪ್‌ನಿಂದ ಒಂದು ಫೋಟೋ ವಾಪಸ್ ತೆಗೆದು ತೋರಿಸಿ ಅಂದೆವು. ಒಬ್ಬರ ಡ್ರೈವಿನಲ್ಲಿ ಬರೀ ಶಾರ್ಟ್‌ಕಟ್‌ಗಳು ಇದ್ದವು. ಮೂಲ ಫೋಟೋಗಳು ಲ್ಯಾಪ್‌ಟಾಪಿನಲ್ಲಿ ಇನ್ನೂ ಇದ್ದವು, ಅವತ್ತೇ ಸರಿಯಾಗಿ ಪ್ರತಿ ಮಾಡಿಕೊಂಡರು. ಅದೊಂದು ಕಾರಣಕ್ಕೇ ಆ ಸಭೆ ನನಗೆ ತುಂಬಾ ದೊಡ್ಡದು.

ಮತ್ತೆ ಆ ಕೈಗಳ ಹತ್ತಿರ ಬರೋಣ. ಅವರು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್, ಹಾಕುತ್ತಿದ್ದರು. ಹಳೆಯದರ ನಕಲನ್ನು ಕ್ಲೋನ್‌ಜಿಲ್ಲಾ ಅನ್ನುವ ಡಿಸ್ಕ್ ನಕಲು ಮಾಡುವ ಸಾಫ್ಟ್‌ವೇರಿನಲ್ಲಿ ಮೊದಲೇ ಮಾಡಿಕೊಂಡಿದ್ದರು. ಹತ್ತು ಸ್ಕ್ರೂ ಇತ್ತು. ಯಾವುದು ಎಲ್ಲಿಯದು ಅಂತ ಮರೆಯಬಾರದಲ್ಲ, ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಅಂಟಿಸಿದ್ದರು. ಎಲ್ಲ ಮುಚ್ಚಿ ಪವರ್ ಬಟನ್ ಒತ್ತಿದರು. ಮುಂಚೆ 4 ನಿಮಿಷ ಕಾಯುತ್ತಿದ್ದರಂತೆ. ಈಗ 20 ಸೆಕೆಂಡು. ಅವರು ತಿರುಗಿ ನೋಡಿ ಹೇಳಿದ್ದು, "ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

ಮುಂದಿನ ತಿಂಗಳ ವಿಷಯ ಪಾಸ್‌ವರ್ಡ್‌ಗಳನ್ನು ಜೋಪಾನವಾಗಿಡುವ ಪಾಸ್‌ವರ್ಡ್ ಮ್ಯಾನೇಜರ್ ಮತ್ತು ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀ. ಯಾರ ಪಾಸ್‌ವರ್ಡನ್ನೂ ನಾವು ಕೇಳುವುದಿಲ್ಲ, ನೀವೂ ಯಾರಿಗೂ ಹೇಳಬೇಡಿ. ಟೈಪ್ ಮಾಡುವಾಗ ಪಕ್ಕದವರು ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಮಿಂಟ್ ನೋಡಬೇಕು ಅನ್ನುವವರು 8 ಜಿಬಿಯ ಖಾಲಿ ಪೆನ್‌ಡ್ರೈವ್ ತನ್ನಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಚಾರ್ಜರ್. ಈ ಸಲ ಆರು ಜನ ಚಾರ್ಜರ್ ಬಿಟ್ಟು ಬಂದಿದ್ದರು, ಅರ್ಧದಲ್ಲೇ ಬ್ಯಾಟರಿ ಮುಗಿದು ನಿಲ್ಲಿಸಬೇಕಾಯಿತು. ಬ್ಯಾಗಿನಲ್ಲಿ ಈಗಲೇ ಇಟ್ಟುಕೊಂಡುಬಿಡಿ.