ಮಂಗಳೂರಿಂದ ದುಬೈಗೆ ನಿಜಕ್ಕೂ ಎಷ್ಟು ಹೊತ್ತು?

[ದೃಶ್ಯ: ಉದಾಹರಣೆಗೆ ಮಾಡಿದ ಟಿಕೆಟ್. ಮಂಗಳೂರು 8:00, ದುಬೈ 10:20.]

ನಮಸ್ಕಾರ. ಈ ಟಿಕೆಟ್ ನೋಡಿದರೆ ಎರಡು ಗಂಟೆ ಇಪ್ಪತ್ತು ನಿಮಿಷದ ದಾರಿ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರಯಾಣ 3 ಗಂಟೆ 50 ನಿಮಿಷದ್ದು.

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 10:20 ಅಂದರೆ ಇಲ್ಲಿ 11:50. ನಮ್ಮ ಕಾಸರಗೋಡು ಕಡೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟೋ ಮನೆಗಳಿಂದ ಜನ ಗಲ್ಫ್‌ಗೆ ಹೋಗಿದ್ದಾರೆ. "ಎಷ್ಟು ಗಂಟೆಗೆ ಮುಟ್ತೀ ಮಗಾ?" ಅಂತ ಅಮ್ಮ ಕೇಳಿದರೆ ದಯವಿಟ್ಟು ನಮ್ಮ ಊರಿನ ಸಮಯವನ್ನೇ ಹೇಳಿ. ಇಲ್ಲದಿದ್ದರೆ ಫೋನ್ ಬರಲಿಲ್ಲ ಅಂತ ಒಂದೂವರೆ ಗಂಟೆ ಸುಮ್ನೆ ಗಾಬರಿಪಡುತ್ತಾರೆ.

[ದೃಶ್ಯ: ನಕ್ಷೆ. ಅರಬ್ಬೀ ಸಮುದ್ರದ ಮೇಲೆ ಗೆರೆ, ಅದಕ್ಕೆ ಎದುರಾಗಿ ಗಾಳಿಯ ಬಾಣಗಳು.]

ಈಗ ದೂರ. ಮಂಗಳೂರು–ದುಬೈ ನೇರ ದೂರ ಸುಮಾರು 2,450 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 850 ಅಂತ ಇಟ್ಟುಕೊಳ್ಳಿ. ಮೂರು ಗಂಟೆಯೂ ಬೇಡ. ಆದರೆ ಮೇಲೆ ಗಾಳಿ ಇದೆ. ಚಳಿಗಾಲದಲ್ಲಿ ದುಬೈ ಕಡೆಯ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ 80 ಕಿಲೋಮೀಟರ್ ವೇಗದ ಗಾಳಿ ಎದುರಾದರೆ, ನೆಲದ ಲೆಕ್ಕದಲ್ಲಿ ವಿಮಾನ ಓಡುವುದು ಗಂಟೆಗೆ 770 ಮಾತ್ರ. ಆಗ 3 ಗಂಟೆ 11 ನಿಮಿಷ ಬೇಕು. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ವೇಗ 930, ಸಮಯ 2 ಗಂಟೆ 38 ನಿಮಿಷ. ದೂರ ಅಷ್ಟೇ, ಸಮಯದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ! ಇದರ ಮೇಲೆ ರನ್‌ವೇವರೆಗೆ ಹೋಗುವುದು, ನಿಧಾನಕ್ಕೆ ಏರುವುದು, ಇಳಿಯುವುದು ಸೇರಿ ಇನ್ನೊಂದು ಅರ್ಧ ಗಂಟೆಯಾದರೂ ಬೇಕು.

[ದೃಶ್ಯ: ಭೂಗೋಳದ ಮೇಲೆ ದಾರ ಎಳೆಯುವ ಕೈ.]

ಇನ್ನೂ ದೂರದ ಊರಾದರೆ ನಕ್ಷೆಯ ಗೆರೆಯನ್ನು ನಂಬಲೇಬೇಡಿ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಭೂಗೋಳದ ಮೇಲೆ ದಾರ ಎಳೆದು ಬಿಗಿ ಮಾಡಿ. ಅದು ಉತ್ತರ ಧ್ರುವದ ಹತ್ತಿರಕ್ಕೆ ಸರಿಯುತ್ತದೆ. ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆಯೇ ಹಾರಿ, ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಎಂಥ ಹಾರಾಟ ಅದು!

[ದೃಶ್ಯ: ರಾತ್ರಿ, ರಾಷ್ಟ್ರೀಯ ಹೆದ್ದಾರಿ 66, ತಲಪಾಡಿ.]

ಮತ್ತೆ ನಮ್ಮ ದಾರಿಗೆ ಬರೋಣ. ಕಾಸರಗೋಡು ಪೇಟೆಯಿಂದ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ 65 ಕಿಲೋಮೀಟರ್ ಆಸುಪಾಸು. 2018ರಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್ 100 ದಾಟುತ್ತದೆ. ವಿದೇಶಕ್ಕಾದರೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹಾಗಾಗಿ ಮನೆಯಿಂದ ಲೆಕ್ಕ ಹಾಕಿದರೆ, ವಿಮಾನದಲ್ಲಿ ಕೂರುವುದಕ್ಕಿಂತ ಅದರ ಹೊರಗೆ ಕಳೆಯುವ ಹೊತ್ತೇ ಜಾಸ್ತಿ.

ತಾರೀಕನ್ನೂ ಸರಿಯಾಗಿ ನೋಡಿ. '15ನೇ ತಾರೀಕು 00:30' ಅಂತಿದ್ದರೆ, 14ರ ರಾತ್ರಿ ಊಟ ಬೇಗ ಮುಗಿಸಿ 7 ಗಂಟೆಗೇ ಕಾರು ಹತ್ತಿ.