ಎಲಿಯಟ್ ಕೌಂಟಿ ಯಾಕೆ ಬದಲಾಯಿತು?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಚುನಾವಣೆ ಅಂದರೆ ನಮಗೆ ನೆನಪಾಗುವುದು ನ್ಯೂಯಾರ್ಕ್, ವಾಷಿಂಗ್ಟನ್. ಇವತ್ತು ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ. ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಗುಡ್ಡಗಳ ನಡುವೆ, ಎಲಿಯಟ್ ಅನ್ನೋ ಪುಟ್ಟ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಜನಸಂಖ್ಯೆ ಏಳು ಸಾವಿರ ಚಿಲ್ಲರೆ, ಅಷ್ಟೇ. 1869ರಲ್ಲಿ ಹುಟ್ಟಿದ ಈ ಕೌಂಟಿ 2012ರವರೆಗೆ ಪ್ರತಿಯೊಂದು ಅಧ್ಯಕ್ಷೀಯ ಚುನಾವಣೆಯಲ್ಲೂ ಡೆಮಾಕ್ರಟಿಕ್ ಪಕ್ಷವನ್ನೇ ಗೆಲ್ಲಿಸಿತು. ಒಬಾಮಾ ಕೂಡ ಇಲ್ಲಿ ಎರಡು ಸಲ ಗೆದ್ದರು. ಆದರೆ 2016ರಲ್ಲಿ ಎದುರಾಳಿ ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ ಸುಮಾರು ಶೇ 70 ವೋಟು ಬಿತ್ತು.

"ಹಳ್ಳಿ ಜನ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು" ಅಂತ ಎಷ್ಟೋ ಜನ ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇದು ಅವರ ಮಾತನ್ನು ಕೇಳಿಸಿಕೊಳ್ಳದೆ ಕೊಟ್ಟ ತೀರ್ಪು.

ಪೂರ್ವ ಕೆಂಟಕಿಯಲ್ಲಿ ಅಜ್ಜ, ಅಪ್ಪ, ಮಗ ಮೂರೂ ತಲೆಮಾರು ಗಣಿಗೆ ಇಳಿದ ಮನೆಗಳಿವೆ. ದೇಶದ ಊರೂರಿಗೆ ಕರೆಂಟು ಕೊಟ್ಟಿದ್ದು ನಮ್ಮ ಕಲ್ಲಿದ್ದಲು ಅನ್ನೋ ಹೆಮ್ಮೆ ಅವರಿಗಿತ್ತು. ಆಮೇಲೆ ನೈಸರ್ಗಿಕ ಅನಿಲ ಅಗ್ಗವಾಯಿತು. ಯಂತ್ರಗಳು ಬಂದವು. ಪರಿಸರದ ನಿಯಮಗಳು ಬಿಗಿಯಾದವು. 2011ರ ನಂತರದ ಐದೇ ವರ್ಷಗಳಲ್ಲಿ ಕೆಂಟಕಿಯ ಗಣಿ ಕೆಲಸಗಳು ಅರ್ಧಕ್ಕಿಂತ ಕಡಿಮೆಯಾದವು. ಅಂಥ ಹೊತ್ತಿನಲ್ಲಿ, 2016ರ ಮಾರ್ಚ್‌ನಲ್ಲಿ, ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರು ಬಹಳಷ್ಟು ಗಣಿ ಕಾರ್ಮಿಕರ ಕೆಲಸ ಹೋಗುವಂತೆ ಮಾಡುತ್ತೇವೆ ಅನ್ನೋ ಅರ್ಥದ ಮಾತಾಡಿದರು. ಆ ಜನರನ್ನು ಮರೆಯಬಾರದು, ಹೊಸ ಕೆಲಸ ಕೊಡಬೇಕು ಅಂತಲೂ ಅದೇ ಉಸಿರಿನಲ್ಲಿ ಹೇಳಿದ್ದರು. ಆದರೆ ಮನೆ ಮನೆಗೆ ತಲುಪಿದ್ದು ಮೊದಲಿನ ಮಾತು. ಗಾಯದ ಮೇಲೆ ಉಪ್ಪು ಬಿದ್ದ ಮೇಲೆ ಉಳಿದದ್ದು ಯಾರ ಕಿವಿಗೆ ಹೋಗುತ್ತದೆ, ಹೇಳಿ?

ಚರ್ಚು, ಬಂದೂಕು, ಗರ್ಭಪಾತ ಇವೂ ಅಲ್ಲಿ ದೊಡ್ಡ ವಿಷಯಗಳೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಷ್ಟನ್ನೇ ನೋಡಿದರೆ 2024ರ ನವೆಂಬರ್ 5ರ ಚುನಾವಣೆ ಅರ್ಥವೇ ಆಗುವುದಿಲ್ಲ.

ಅವತ್ತು ಕೆಂಟಕಿಯ 120 ಕೌಂಟಿಗಳಲ್ಲಿ 118 ಟ್ರಂಪ್ ಕಡೆ ನಿಂತವು. ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಸರ್ಕಾರದ ದುಡ್ಡು ಖಾಸಗಿ ಶಾಲೆಗಳಿಗೂ ಹೋಗಲು ದಾರಿ ಮಾಡೋಣವೇ? ರಾಜ್ಯದ ಸಂವಿಧಾನಕ್ಕೆ ಟ್ರಂಪ್ ಪಕ್ಷದ ನಾಯಕರೇ ತಂದ ತಿದ್ದುಪಡಿ ಅದು. 120 ಕೌಂಟಿಗಳೂ ಬೇಡ ಅಂದವು. ಒಂದೂ ಬಿಡದೆ!

ಯಾಕೆ? ಎಷ್ಟೋ ಹಳ್ಳಿ ಕೌಂಟಿಗಳಲ್ಲಿ ಖಾಸಗಿ ಶಾಲೆಯೇ ಇಲ್ಲ. ಸರ್ಕಾರಿ ಶಾಲೆಯೇ ಊರಿಗೆ ಅತಿ ಹೆಚ್ಚು ಕೆಲಸ ಕೊಡುವ ಜಾಗ. ಮೇಷ್ಟ್ರು, ಅಡುಗೆಯವರು, ಬಸ್ ಚಾಲಕರು ಎಲ್ಲರೂ ಊರಿನವರೇ. ಸಂಜೆ ಬಾಸ್ಕೆಟ್‌ಬಾಲ್ ಪಂದ್ಯ ಇದ್ದರೆ ಇಡೀ ಊರು ಅಲ್ಲಿರುತ್ತದೆ. ಆ ಶಾಲೆ ಮುಚ್ಚಿದರೆ ಊರೇ ಮುಚ್ಚಿದ ಹಾಗೆ ಅಲ್ವಾ?

ಆರೋಗ್ಯ ವಿಮೆಯದ್ದೂ ಹೀಗೇ. ಒಬಾಮಾ ಕಾಲದಲ್ಲಿ ಬಂದ ಆರೋಗ್ಯ ವಿಮೆ ಕಾನೂನು, ಅಂದರೆ ಒಬಾಮಾಕೇರ್, ಅದರ ಹೆಸರು ಕೇಳಿದರೆ ಸಿಡಿಮಿಡಿಗೊಳ್ಳುವವರು ಅಲ್ಲಿ ಬಹಳ. ಆದರೆ ಅದೇ ಕಾನೂನನ್ನು ರಾಜ್ಯ ಸರ್ಕಾರ 'ಕೈನೆಕ್ಟ್' ಅನ್ನೋ ತನ್ನದೇ ಹೆಸರಿನಲ್ಲಿ ತಂದಾಗ ಲಕ್ಷಾಂತರ ಜನ ಹೆಸರು ಬರೆಸಿದರು. ಇದನ್ನು ದಡ್ಡತನ ಅಂತ ಕರೆಯಲು ನನಗೆ ಮನಸ್ಸಿಲ್ಲ. ದೂರದಿಂದ ಯಾರೋ ಹೇರಿದ್ದು ಬೇರೆ, ನಮ್ಮವರು ನಮಗಾಗಿ ತಂದದ್ದು ಬೇರೆ ಅಂತ ಅವರಿಗೆ ಅನ್ನಿಸುತ್ತದೆ. ಆ ಅನಿಸಿಕೆಯನ್ನು ತಿಳಿಯದೆ ಸುಮ್ನೆ ಅಂಕಿಅಂಶ ಮುಂದಿಟ್ಟರೆ ಯಾರೂ ಕೇಳುವುದಿಲ್ಲ.

ಕೊನೆಗೆ ಲೆಚರ್ ಕೌಂಟಿಯ ಮಾತು. ಅದೂ ಕಲ್ಲಿದ್ದಲಿನ ನಾಡೇ. ಅಲ್ಲಿ ಟ್ರಂಪ್ ಭಾರಿ ಅಂತರದಿಂದ ಗೆಲ್ಲುತ್ತಾರೆ, 2024ರಲ್ಲೂ ಗೆದ್ದರು. 2022ರ ಜುಲೈನಲ್ಲಿ ಪೂರ್ವ ಕೆಂಟಕಿಯಲ್ಲಿ ರಾತ್ರೋರಾತ್ರಿ ಹೊಳೆಗಳು ಉಕ್ಕಿ 40ಕ್ಕೂ ಹೆಚ್ಚು ಜನ ಸತ್ತರು. ಗವರ್ನರ್, ಅಂದರೆ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ, ಆಂಡಿ ಬೆಶಿಯರ್ ಡೆಮಾಕ್ರಟಿಕ್ ಪಕ್ಷದವರು. ಅವರು ಒಂದು ಸಲ ಬಂದು ಹೋಗಲಿಲ್ಲ, ಮತ್ತೆ ಮತ್ತೆ ಬಂದರು. 2023ರ ಗವರ್ನರ್ ಚುನಾವಣೆಯಲ್ಲಿ ಲೆಚರ್ ಕೌಂಟಿ ಬೆಶಿಯರ್ ಅವರನ್ನು ಗೆಲ್ಲಿಸಿತು.

ಮನೆ ಕಳೆದುಕೊಂಡವರಿಗೆ ನೀರು ಹತ್ತದ ಎತ್ತರದಲ್ಲಿ ಹೊಸ ಮನೆ ಕಟ್ಟಿಸುವ ಕೆಲಸ ಶುರುವಾಯಿತು. ಆ ಗುಡ್ಡಗಾಡಿನಲ್ಲಿ ಸಮತಟ್ಟು ನೆಲ ಎಲ್ಲಿ ಸಿಗಬೇಕು? ಹಿಂದೆ ಕಲ್ಲಿದ್ದಲಿಗಾಗಿ ಗುಡ್ಡದ ನೆತ್ತಿಯನ್ನೇ ಕಡಿದು ಬಿಟ್ಟುಹೋದ ಜಾಗಗಳಿದ್ದವು. ಅಂಥ ಹಳೆಯ ಗಣಿಗಳ ಮೇಲೆಯೇ ಈಗ ಮನೆಗಳು ಏಳುತ್ತಿವೆ.