ಶಿಫ್ಟ್ ಕೀಲಿಯ ಮೇಲೆ ಎಂಟು ಸೆಕೆಂಡು

ಕೇಳುಗರಿಗೆ ನಮಸ್ಕಾರ.

ನಮ್ಮ ಅಕ್ಕ ನಿವೃತ್ತ ಕನ್ನಡ ಉಪಾಧ್ಯಾಯಿನಿ. ಅವಳ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಟ್ಟವನು ನಾನೇ. ಆದ್ದರಿಂದ ಅದಕ್ಕೆ ನೆಗಡಿಯಾದರೂ ಫೋನು ನನಗೇ ಬರುತ್ತದೆ. ಒಂದು ಸಂಜೆ ಕರೆ ಬಂತು. "ಕೀಲಿಮಣೆ ಸತ್ತೇ ಹೋಯಿತು ಕಣೋ. ಮೌಸ್ ಓಡುತ್ತದೆ, ಅಕ್ಷರ ಮಾತ್ರ ಒಂದೂ ಬೀಳುವುದಿಲ್ಲ." ಅಷ್ಟರಲ್ಲಿ ರಿಪೇರಿ ಅಂಗಡಿಯವನು ಕೀಲಿಮಣೆ ಬದಲಿಸಬೇಕೆಂದು ಹೇಳಿ, ಬೆಲೆಯನ್ನೂ ಹೇಳಿಯಾಗಿತ್ತು.

ಮನೆ ಹೊದಿಸುವಾಗ ಆಳುಗಳು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಬೆರಳಿಗೂ ಪರದೆಗೂ ನಡುವೆ ಅಂಥದೇ ಒಂದು ಸಾಲು ಇದೆ. ಕೀಲಿಮಣೆ ಕಳಿಸುವುದು ಅಕ್ಷರವನ್ನಲ್ಲ, ಬರಿಯ ಸಂಖ್ಯೆಯನ್ನು. ಇಂಗ್ಲಿಷಿನ ಎ ಕೀಲಿಯನ್ನು ಲಿನಕ್ಸಿನ ತಿರುಳಾದ ಕರ್ನೆಲ್ 30 ಎಂದು ಗುರುತಿಸುತ್ತದೆ. ಮೇಲಿರುವ ಎಕ್ಸ್ ಎಂಬ ಚಿತ್ರಮಯ ವ್ಯವಸ್ಥೆ ಅದಕ್ಕೆ 8 ಕೂಡಿಸಿ 38 ಎನ್ನುತ್ತದೆ. ಎಕ್ಸ್‌ನ ಎಣಿಕೆ ಶುರುವಾಗುವುದೇ ಎಂಟರಿಂದ. ಆಮೇಲೆ ವಿನ್ಯಾಸದ ಪಟ್ಟಿಯನ್ನು ನೋಡಿ, ಈ 38 ಎಂದರೆ ಯಾವ ಅಕ್ಷರ ಎಂಬ ತೀರ್ಮಾನ. ಕನ್ನಡಕ್ಕಾದರೆ ಐಬಸ್ ಎಂಬ ಮಧ್ಯವರ್ತಿಯೂ ಸಾಲಿನಲ್ಲಿ ಸೇರಿಕೊಳ್ಳುತ್ತಾನೆ. ಕೊನೆಗೆ ನೀವು ಬರೆಯುತ್ತಿರುವ ತಂತ್ರಾಂಶ. ಹೆಂಚು ಯಾರ ಕೈಯಿಂದ ಜಾರಿತು ಎಂದು ನೋಡದೆ ಸಾಲಿನ ಮೊದಲನೆಯವನ ಕೂಲಿ ಮುರಿದರೆ ಹೇಗೆ?

ಅಕ್ಕನಿಗೆ ಹೇಳಿದೆ: "ಕಂಟ್ರೋಲ್, ಆಲ್ಟ್, ಎಫ್ 3, ಮೂರನ್ನೂ ಒಟ್ಟಿಗೆ ಒತ್ತು." ಹೀಗೆ ಮಾಡಿದರೆ ಡೆಸ್ಕ್‌ಟಾಪ್ ಮರೆಯಾಗಿ, ಬರಿಯ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಕನ್ನಡ ನೆಟ್ಟಗೆ ಮೂಡುವುದಿಲ್ಲ, ಇಂಗ್ಲಿಷಿನಲ್ಲೇ ಒತ್ತಿ ನೋಡಬೇಕು. ಅಲ್ಲಿ ಅಕ್ಷರ ಬಿದ್ದರೆ ಕೀಲಿಮಣೆಯೂ ಕರ್ನೆಲ್ಲೂ ನಿರಪರಾಧಿಗಳು. ತಪ್ಪು ಮೇಲಿನ ಚಿತ್ರಮಯ ಜಗತ್ತಿನಲ್ಲಿದೆ. ಕಂಟ್ರೋಲ್, ಆಲ್ಟ್ ಜೊತೆಗೆ ಎಫ್ 1 ಅಥವಾ ಎಫ್ 2 ಒತ್ತಿ ಮರಳಿ ಬರಬಹುದು.

"ಏನೂ ಆಗಲಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅದುಮಿ ಹಿಡಿದುಕೊಂಡೆ, ಈಗ ಕಪ್ಪಾಯಿತು. ಇಲ್ಲಿ ಚೆನ್ನಾಗಿ ಬೀಳುತ್ತಿದೆಯಲ್ಲ!"

ತಟ್ಟಿದರೆ ಆಗದ್ದು ಅದುಮಿ ಹಿಡಿದರೆ ಆಗುತ್ತದೆ ಎಂದರೆ ಗುಟ್ಟು ಅಲ್ಲಿಯೇ ಬಿಟ್ಟುಕೊಟ್ಟಂತಾಯಿತು. ಕೈ ನಡುಗುವವರಿಗಾಗಿ ಸ್ಲೋ ಕೀಸ್ ಎಂಬ ಸೌಲಭ್ಯವಿದೆ: ಆಕಸ್ಮಿಕವಾಗಿ ತಾಗಿದ ಕೀಲಿಯನ್ನು ಲೆಕ್ಕಕ್ಕೆ ಹಿಡಿಯದೆ, ಒಂದಿಷ್ಟು ಹೊತ್ತು ಒತ್ತಿ ಹಿಡಿದದ್ದನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಇದನ್ನು ಕೀಲಿಯಿಂದಲೇ ಚಾಲೂ ಮಾಡಬಹುದೆಂಬ ಆಯ್ಕೆಗೆ ಅಕ್ಕನ ಯಂತ್ರದಲ್ಲಿ ಗುರುತು ಬಿದ್ದಿತ್ತು. ಹಾಗಿದ್ದಾಗ ಶಿಫ್ಟನ್ನು ಎಂಟು ಸೆಕೆಂಡು ಹಿಡಿದರೆ ಸಾಕು. ಅವಳು ಶಂಖ ಎಂದು ಬರೆಯುತ್ತಿದ್ದಳಂತೆ. ಖಕಾರಕ್ಕೆ ಶಿಫ್ಟ್ ಒತ್ತಿದ್ದಾಳೆ, ಕುಕ್ಕರ್ ಕೂಗಿದೆ, ಬೆರಳನ್ನು ಅಲ್ಲಿಯೇ ಊರಿಕೊಂಡು ಗ್ಯಾಸ್ ಆರಿಸಲು ಭಾವನಿಗೆ ಕೂಗಿ ಹೇಳಿದ್ದಾಳೆ. ಭಾವನಿಗೆ ಒಂದೇ ಸಲ ಹೇಳಿದರೆ ಕೇಳಿಸುವುದಿಲ್ಲ. ಎಂಟು ಸೆಕೆಂಡು ಆಗಿಯೇ ಹೋಯಿತು. ಶಿಫ್ಟನ್ನು ಮತ್ತೆ ಅಷ್ಟೇ ಹೊತ್ತು ಹಿಡಿಸಿದೆ, ಸರಿಹೋಯಿತು. ಖರ್ಚು, ಒಂದು ಫೋನ್ ಕರೆ.

ಕಪ್ಪು ಪರದೆಯಲ್ಲೂ ಅಕ್ಷರ ಬೀಳದಿದ್ದರೆ, ಅಥವಾ ಆ ಪರದೆಯೇ ಬಾರದಿದ್ದರೆ, ಆಗ ತಂತಿ, ಬ್ಯಾಟರಿ, ಚೆಲ್ಲಿದ ಕಾಫಿ ಇವನ್ನೆಲ್ಲ ವಿಚಾರಿಸಿಕೊಳ್ಳಿ. ಬೇರೆ ಯುಎಸ್‌ಬಿ ಕೀಲಿಮಣೆ ಚುಚ್ಚಿ ನೋಡುವುದು ಎಲ್ಲಕ್ಕಿಂತ ಬೇಗ.

ಅಕ್ಷರ ಬೀಳುತ್ತದೆ, ಆದರೆ ಬೇಡದ್ದು ಬೀಳುತ್ತದೆ ಎನ್ನುವುದು ಕನ್ನಡಿಗರಿಗೆ ಹೆಚ್ಚು ಕಾಡುವ ತೊಂದರೆ. ಬಿದ್ದ ತಪ್ಪು ಅಕ್ಷರವೇ ಇಲ್ಲಿ ಸಾಕ್ಷಿ ಹೇಳುತ್ತದೆ. ಅಕ್ಕ ಎಂಬ ಪದವನ್ನೇ ತೆಗೆದುಕೊಳ್ಳಿ. ಎ, ಕೆ, ಕೆ, ಎ ಎಂದು ಒತ್ತಿದ್ದೀರಿ. ಅಕ್ಕ ಎಂದೇ ಬಂದರೆ ಇಂಗ್ಲಿಷ್ ಕಾಗುಣಿತವನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ವಿಧಾನ ನಡೆಯುತ್ತಿದೆ. ಅಕಕಅ ಎಂದು ಬಿಡಿಬಿಡಿಯಾಗಿ ಬಂದರೆ ಕಗಪ ವಿನ್ಯಾಸ, ಕೆ. ಪಿ. ರಾವ್ ಅವರು ರೂಪಿಸಿದ ಈ ಜೋಡಣೆಯಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಸಾಲಿನ ಮೊದಲಿಗೇ ಚುಕ್ಕಿಗಳ ವೃತ್ತಕ್ಕೆ ಅಂಟಿದ ಓಕಾರದ ಚಿಹ್ನೆ ಕಂಡರೆ ಅದು ಇನ್‌ಸ್ಕ್ರಿಪ್ಟ್, 1991ರ ಭಾರತೀಯ ಮಾನಕದಲ್ಲಿ ಸೇರಿದ ವಿನ್ಯಾಸ. ಅಲ್ಲಿ ಅಕ್ಕನನ್ನು ಕರೆಯಲು ಶಿಫ್ಟ್ ಡಿ, ಕೆ, ಡಿ, ಕೆ. ಲಿನಕ್ಸಿನ ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿನ ಕೀಲಿ, ಮತ್ತು ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಲಾಗಿನ್ ಪರದೆಯಲ್ಲಿ ಸರಿಯಾದ ಪಾಸ್‌ವರ್ಡನ್ನೇ ತಪ್ಪು ಎಂದರೆ ಮೊದಲ ಗುಮಾನಿ ಇದರ ಮೇಲೆಯೇ ಇರಲಿ; ಅಲ್ಲಿ ಬರಿಯ ಚುಕ್ಕಿ ಕಾಣುವುದರಿಂದ ಸಾಕ್ಷಿಯೂ ಸಿಗುವುದಿಲ್ಲ.

ಸ್ಮರಣ ಸಂಚಿಕೆಯೊಂದನ್ನು ಬೆರಳಚ್ಚಿಸುತ್ತಿದ್ದ ನನ್ನ ಗೆಳೆಯರದು ಬೇರೆಯದೇ ಕಥೆ. ಒಂದು ತಂತ್ರಾಂಶದಲ್ಲಿ ಕನ್ನಡ ಸಲೀಸು, ಪಕ್ಕದ ಇನ್ನೊಂದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಬರದು. ಲಿನಕ್ಸಿನ ತಂತ್ರಾಂಶಗಳಲ್ಲಿ ಜಿಟಿಕೆ, ಕ್ಯೂಟಿ ಎಂಬ ಎರಡು ದೊಡ್ಡ ಕುಲಗಳಿವೆ. ಯಾವ ಮಧ್ಯವರ್ತಿಯನ್ನು ಕೇಳಬೇಕೆಂಬ ಚೀಟಿ ಒಂದೊಂದು ಕುಲಕ್ಕೂ ಬೇರೆ. ಗೆಳೆಯರ ಯಂತ್ರದಲ್ಲಿ ಜಿಟಿಕೆ ಚೀಟಿಯಲ್ಲಿ ಐಬಸ್ ಎಂದಿತ್ತು. ಕ್ಯೂಟಿಯದರಲ್ಲಿ ಅವರು ಎಂದೋ ತೆಗೆದುಹಾಕಿದ್ದ ಎಫ್‌ಸಿಐಟಿಎಕ್ಸ್ ಎಂಬ ಇನ್ನೊಬ್ಬ ಮಧ್ಯವರ್ತಿಯ ಹೆಸರು ಉಳಿದುಕೊಂಡಿತ್ತು. ಮನೆ ಖಾಲಿ ಮಾಡಿದವರ ವಿಳಾಸಕ್ಕೆ ಕಾಗದ ಹಾಕುತ್ತಿದ್ದ ಹಾಗೆ. ಹೆಸರು ತಿದ್ದಿ, ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬಂದ ಮೇಲೆ ಎರಡರಲ್ಲೂ ಕನ್ನಡ ಬಂತು. ಲಾಗ್ ಔಟ್ ಮಾಡದಿದ್ದರೆ ಹಳೆಯ ಚೀಟಿಯೇ ನಡೆಯುತ್ತಿರುತ್ತದೆ.

ಇಂಥ ಪರೀಕ್ಷೆಗೆ ಎಕ್ಸ್‌ಇವಿ ಎಂಬ ಪುಟ್ಟ ಸಲಕರಣೆ ಇದೆ. ಒತ್ತಿದ ಕೀಲಿಯ ಸಂಖ್ಯೆಯನ್ನೂ ಅದಕ್ಕೆ ಸಿಕ್ಕ ಅಕ್ಷರವನ್ನೂ ತೋರಿಸುತ್ತದೆ. ಎಕ್ಸ್‌ನ ಜಾಗಕ್ಕೆ ಈಗ ವೇಲ್ಯಾಂಡ್ ಬರುತ್ತಿದೆ, ಅಲ್ಲಿ ಡಬ್ಲ್ಯೂಇವಿ ಬಳಸಿ. ಕೀಲಿಗಳ ಅರ್ಥ ಬದಲಿಸಲು ಹಳಬರು ಹೇಳಿಕೊಡುವ ಎಕ್ಸ್‌ಮಾಡ್‌ಮ್ಯಾಪ್ ಮದ್ದು ವೇಲ್ಯಾಂಡಿಗೆ ನಾಟುವುದಿಲ್ಲ. ನಾನೂ ಆ ಹಳಬರಲ್ಲಿ ಒಬ್ಬ. ಅರ್ಧ ದಿನ ಹಾಳು ಮಾಡಿಕೊಂಡೇ ಇದನ್ನು ಕಲಿತೆ.

ಕಳೆದ ತಿಂಗಳು ಅಕ್ಕ ಮತ್ತೆ ಕರೆ ಮಾಡಿದಳು. "ಕಮಲ ಎಂದು ಬರೆದರೆ 203 ಎಂದು ಬೀಳುತ್ತದೆ ಕಣೋ." ಹಳೆಯ ಲ್ಯಾಪ್‌ಟಾಪುಗಳಲ್ಲಿ ಅಕ್ಷರದ ಕೀಲಿಗಳ ಮೇಲೆಯೇ ಅಂಕಿಗಳೂ ಕೂತಿರುತ್ತವೆ, ಕೆಗೆ 2, ಎಮ್‌ಗೆ 0, ಎಲ್‌ಗೆ 3. "ನಮ್ ಲಾಕ್ ಆರಿಸು" ಎಂದೆ. ಟಕ್ ಎಂದು ಸದ್ದಾಯಿತು. "ಹೂವು ಬಂತು" ಎಂದು ಫೋನ್ ಇಟ್ಟಳು.

ನಮಸ್ಕಾರ.